ಮೊದಲ ಹದಿನೈದು ದಿನ ಮುಟ್ಟಬೇಡಿ

ಗೋಸುಂಬೆ ಮರಿಯೊಂದು ಹೊಸ ಗೂಡಿಗೆ ಬಂದಾಗ ನಾವು ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಇಷ್ಟೇ: ಅದು ಬರುವ ಮೊದಲೇ ಎಲ್ಲವನ್ನೂ ಸಿದ್ಧ ಮಾಡಿಡಬೇಕು, ಬಂದ ಮೇಲೆ ಕನಿಷ್ಠ ಹದಿನೈದು ದಿನ ಅದನ್ನು ಮುಟ್ಟದೆ ಇರಬೇಕು. ಇದು ನನ್ನ ಅಭಿಪ್ರಾಯ. ಹದಿನೈದು ದಿನ ಕೈ ಕಟ್ಟಿಕೊಂಡು ಕೂರಲು ಆಗದವರು ಈ ಪ್ರಾಣಿಯನ್ನು ಸಾಕುವ ಆಸೆಯನ್ನೇ ಬಿಡುವುದು ಒಳ್ಳೆಯದು ಎಂಬುದೂ ನನ್ನ ಅಭಿಪ್ರಾಯವೇ.

ಇದನ್ನು ಈಗ ಬರೆಯಲು ಕಾರಣವಿದೆ. ಈಚೆಗೆ ನಮ್ಮ ತರಗತಿಯಲ್ಲಿ ಗೋಸುಂಬೆಯ ರೀಲ್ಸ್ ನೋಡದವರೇ ಇಲ್ಲ. ಬೆರಳ ಮೇಲೆ ಕೂತ ಹಸಿರು ಮರಿ, ನಾಲಿಗೆ ಚಾಚಿ ಹುಳ ಹಿಡಿಯುವ ಮರಿ, ಕನ್ನಡಕದ ಮೇಲೆ ನಡೆಯುವ ಮರಿ. ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇದನ್ನು ಮನೆಯಲ್ಲಿ ಸಾಕಬಹುದಾ?" ನಾನು ಹೋದ ರಜೆಯಲ್ಲಿ ಶಾರ್ಜಾದಲ್ಲಿ ಮಾಮುವಿನ ಮನೆಗೆ ಹೋಗಿದ್ದೆ, ಅಲ್ಲಿ ಒಂದು ಮರಿಯನ್ನು ತಂದು ಸಾಕುವುದನ್ನು ಹತ್ತಿರದಿಂದ ನೋಡಿದ್ದೆ ಎಂಬುದು ಗೆಳೆಯರಿಗೆ ಗೊತ್ತು. ಹಾಗಾಗಿ ಈ ಪ್ರಶ್ನೆ ನನ್ನ ಬಳಿಯೇ ಹೆಚ್ಚು ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಇಲ್ಲಿ ಒಟ್ಟಿಗೇ ಹೇಳುತ್ತಿದ್ದೇನೆ.

ಮಾಮುವಿನ ಮಗ ತಂದದ್ದು ಯೆಮೆನ್ ಗೋಸುಂಬೆ. ಹೆಸರೇ ಹೇಳುವಂತೆ ಅದರ ತವರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಬೆಟ್ಟಗಳು, ಕಣಿವೆಗಳು. ವೈಜ್ಞಾನಿಕ ಹೆಸರು ಕ್ಯಾಮೇಲಿಯೋ ಕ್ಯಾಲಿಪ್ಟ್ರೇಟಸ್. ಅರಬಿಯಲ್ಲಿ ಗೋಸುಂಬೆಗೆ ಹಿರ್ಬಾ ಎನ್ನುತ್ತಾರೆ, ನಮ್ಮ ಮನೆಯ ಮಾತಿನಲ್ಲಿ ಗಿರ್ಗಿಟ್. ಬೆಳೆದ ಗಂಡಿನ ತಲೆಯ ಮೇಲೆ ಎತ್ತರದ ಶಿಖೆ ಇರುತ್ತದೆ, ಉದ್ದ ಬಾಲವೂ ಸೇರಿ 45 ಸೆಂಟಿಮೀಟರ್ ದಾಟಬಹುದು. ಆದರೆ ನಾನು ನೋಡಿದ ಮರಿ ನನ್ನ ಬೆರಳಿಗಿಂತ ಸ್ವಲ್ಪ ಉದ್ದ ಇತ್ತು, ಅಷ್ಟೆ. ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಗೋಸುಂಬೆಗೇ ಹುಟ್ಟಿದ್ದು.

ನನಗೆ ಮೊದಲು ಆಶ್ಚರ್ಯ ತಂದದ್ದು ಮರಿಯಲ್ಲ, ಅದರ ಗೂಡು. ಮರಿ ಬರುವುದಕ್ಕೆ ಒಂದು ವಾರ ಮೊದಲೇ ಗೂಡು ತಯಾರಾಗಿತ್ತು, ಖಾಲಿ ಗೂಡಿನಲ್ಲೇ ದೀಪಗಳು ದಿನವೂ ಉರಿಯುತ್ತಿದ್ದವು. ಕೇಳಿದರೆ, "ಅದು ಬಂದ ಮೇಲೆ ಶಾಖ ಸರಿಯಿದೆಯಾ ಅಂತ ನೋಡುತ್ತಾ ಕೂತರೆ ತೊಂದರೆ ಅದಕ್ಕೇ" ಎಂದ. ಈ ಒಂದು ಮಾತು ನನಗೆ ತುಂಬಾ ಹಿಡಿಸಿತು. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಕೋಳಿಮರಿಯಾಗಲಿ ಮೀನಾಗಲಿ ಮೊದಲು ತರುತ್ತೇವೆ, ಆಮೇಲೆ ಡಬ್ಬಿ ಹುಡುಕುತ್ತೇವೆ.

ಗೂಡಿನ ನಾಲ್ಕೂ ಕಡೆ ಗಾಜಲ್ಲ, ಜಾಲರಿ. ಗೋಸುಂಬೆಗೆ ಗಾಳಿ ಆಡುತ್ತಿರಬೇಕು. ನಿಂತ ಗಾಳಿಯಲ್ಲಿ ತೇವ ಉಳಿದರೆ ಅದಕ್ಕೆ ಉಸಿರಾಟದ ಕಾಯಿಲೆ ಬರುತ್ತದೆ. ಗಾಜಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಗೋಸುಂಬೆ ಒಂಟಿಯಾಗಿ ಬಾಳುವ ಪ್ರಾಣಿ. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡರೂ ಇನ್ನೊಂದು ಗೋಸುಂಬೆ ಬಂದಿದೆ ಎಂದು ಹೆದರುತ್ತದೆ. ಆದ್ದರಿಂದಲೇ ಒಂದು ಗೂಡಿಗೆ ಒಂದೇ ಮರಿ. "ಪಾಪ, ಜೊತೆಗೆ ಇನ್ನೊಂದಿರಲಿ" ಎಂದು ಎರಡನ್ನು ತರುವುದು ಕರುಣೆಯಂತೆ ಕಂಡರೂ ಕರುಣೆಯಲ್ಲ.

ಗೂಡು ಅಗಲಕ್ಕಿಂತ ಎತ್ತರ ಹೆಚ್ಚಿರಬೇಕು, ಏಕೆಂದರೆ ಇದು ನೆಲದಲ್ಲಿ ಓಡಾಡುವ ಪ್ರಾಣಿಯಲ್ಲ, ಕೊಂಬೆ ಹಿಡಿದು ಮೇಲೇರುವ ಪ್ರಾಣಿ. ಅದರ ಪಾದ ನೋಡಿದರೆ ಗೊತ್ತಾಗುತ್ತದೆ: ಐದು ಬೆರಳು ಎರಡು ಮತ್ತು ಮೂರಾಗಿ ಒಡೆದು ಇಕ್ಕುಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಮರಿಗೆ ಮಾಡಿದ ಗೂಡು ಸುಮಾರು 40 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಎತ್ತರ ಇತ್ತು. ದೊಡ್ಡದಾದ ಮೇಲೆ 60 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರದ್ದು ಬೇಕು. ಒಳಗೆ ಕುಂಡದಲ್ಲಿ ಮನಿ ಪ್ಲಾಂಟ್ ಮತ್ತು ದಾಸವಾಳ, ಅಡ್ಡಕ್ಕೂ ಓರೆಗೂ ಕಟ್ಟಿದ ಸಣ್ಣ ದಪ್ಪ ಕೊಂಬೆಗಳು. ಎಲೆ ದಟ್ಟವಾಗಿರಬೇಕು. ಮರಿಗೆ ಅಡಗಲು ಜಾಗ ಸಿಕ್ಕರೆ ಮಾತ್ರ ಅದು ಧೈರ್ಯವಾಗಿ ಹೊರಗೆ ಬರುತ್ತದೆ. ಈ ಗೂಡನ್ನು ನೆಲದ ಮೇಲಿಡದೆ ಎತ್ತರದ ಮೇಜಿನ ಮೇಲೆ ಇಟ್ಟಿದ್ದರು. ಕಾಡಿನಲ್ಲಿ ಗೋಸುಂಬೆಗೆ ಅಪಾಯ ಬರುವುದು ಹೆಚ್ಚಾಗಿ ಮೇಲಿನಿಂದ, ಹಕ್ಕಿಯ ರೂಪದಲ್ಲಿ. ನಾವು ಮೇಲಿನಿಂದ ಕೈ ಹಾಕಿದರೆ ಅದಕ್ಕೆ ಕಾಣುವುದು ಪ್ರೀತಿಯ ಕೈಯಲ್ಲ, ಹದ್ದಿನ ಉಗುರು.

ಇನ್ನು ದೀಪಗಳು. ಸರೀಸೃಪಗಳು ತಮ್ಮ ಮೈಶಾಖವನ್ನು ಹೊರಗಿನಿಂದ ಪಡೆಯುತ್ತವೆ ಎಂದು ನಾವು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಗೂಡಿನಲ್ಲಿ ಅದರ ಅರ್ಥ ಹೀಗೆ: ಮೇಲಿನ ಒಂದು ಕೊಂಬೆಯ ಹತ್ತಿರ ಬಿಸಿಲು ಕಾಯುವ ಜಾಗ ಇರಬೇಕು, ಮರಿಗೆ ಅಲ್ಲಿ 27ರಿಂದ 29 ಡಿಗ್ರಿ ಸೆಲ್ಸಿಯಸ್ ಸಾಕು, ಕೆಳಗೆ ಹೋದಂತೆ ತಂಪಾಗಬೇಕು. ಶಾಖ ಬೇಕಾದಾಗ ಅದೇ ಮೇಲೆ ಹೋಗುತ್ತದೆ, ಸಾಕಾದಾಗ ಅದೇ ಕೆಳಗೆ ಇಳಿಯುತ್ತದೆ. ದೀಪ ಜಾಲರಿಯ ಹೊರಗೇ ಇರಬೇಕು. ಒಳಗಿದ್ದರೆ ಮರಿ ದೀಪವನ್ನೇ ಹತ್ತಿ ಮೈ ಸುಟ್ಟುಕೊಳ್ಳುತ್ತದೆ.

ಇದರ ಜೊತೆಗೆ ಅತಿನೇರಳೆ ಬಿ ಕಿರಣ ಕೊಡುವ ಬೇರೆಯೇ ಟ್ಯೂಬ್ ಲೈಟ್ ಬೇಕು. ಆ ಕಿರಣ ಚರ್ಮಕ್ಕೆ ಬಿದ್ದಾಗಲೇ ವಿಟಮಿನ್ ಡಿ3 ತಯಾರಾಗುತ್ತದೆ, ಡಿ3 ಇದ್ದರೆ ಮಾತ್ರ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ಬೆಳೆಯುವ ಮರಿಯ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ, ದವಡೆ ಸೊಟ್ಟಗಾಗುತ್ತದೆ. "ಕಿಟಕಿಯ ಹತ್ತಿರ ಇಟ್ಟರೆ ಬಿಸಿಲು ಬರುತ್ತದಲ್ಲ" ಎಂದು ಮುಮಾನಿ ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಆದರೆ ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣವನ್ನು ತಡೆಯುತ್ತದೆ. ಮನೆಯ ಎಲ್‌ಇಡಿ ಬಲ್ಬಿನಿಂದಲೂ ಅದು ಬರುವುದಿಲ್ಲ. ಟ್ಯೂಬ್ ಹಳೆಯದಾದರೆ ಬೆಳಕು ಹಾಗೇ ಇದ್ದರೂ ಕಿರಣ ಕಡಿಮೆಯಾಗಿರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕು. ಹಗಲು ಹನ್ನೆರಡು ಗಂಟೆ ದೀಪ, ರಾತ್ರಿ ಪೂರ್ತಿ ಕತ್ತಲು. ರಾತ್ರಿ ಬಣ್ಣದ ದೀಪವೂ ಬೇಡ, ಮೊಬೈಲಿನ ಟಾರ್ಚೂ ಬೇಡ.

ಮರಿ ಬಂದ ದಿನ ನಾನು ಅಲ್ಲೇ ಇದ್ದೆ. ಡಬ್ಬಿಯನ್ನು ಗೂಡಿನೊಳಗೆ ಇಟ್ಟು, ಮುಚ್ಚಳ ತೆಗೆದು, ಬಾಯಿಗೆ ಒಂದು ಕಡ್ಡಿಯನ್ನು ಒರಗಿಸಿ, ಗೂಡಿನ ಬಾಗಿಲು ಹಾಕಿದರು. ಯಾರೂ ಅದನ್ನು ಎಳೆದು ತೆಗೆಯಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಅದು ತಾನಾಗಿ ಕಡ್ಡಿ ಹಿಡಿದು, ಮುಂದೆ ಹಿಂದೆ ತೂಗಾಡುತ್ತಾ, ಗಾಳಿಗೆ ಅಲ್ಲಾಡುವ ಎಲೆಯಂತೆ ಹೆಜ್ಜೆ ಇಟ್ಟು ಎಲೆಗಳ ನಡುವೆ ಮರೆಯಾಯಿತು. ಆ ಸಂಜೆ ಅದನ್ನು ಮತ್ತೆ ನೋಡಲು ಯಾರಿಗೂ ಆಗಲಿಲ್ಲ. ಪಕ್ಕದ ಫ್ಲ್ಯಾಟಿನ ಮಕ್ಕಳು ನಿರಾಸೆಯಿಂದ ಹೋದರು. ಮುಮಾನಿ ಗೂಡಿನ ಎರಡು ಬದಿಗೆ ತೆಳು ಬಟ್ಟೆ ಇಳಿಬಿಟ್ಟು, "ಬಂದ ಮೆಹಮಾನ್ ಮೊದಲು ಮಲಗಲಿ" ಎಂದರು.

ಮುಂದಿನ ಹದಿನೈದು ದಿನ ಗೂಡಿನ ಬಾಗಿಲು ತೆರೆದದ್ದು ಮೂರು ಕೆಲಸಕ್ಕೆ ಮಾತ್ರ: ನೀರು, ಆಹಾರ, ಸ್ವಚ್ಛತೆ. ಗೋಸುಂಬೆ ಬಟ್ಟಲಿನಿಂದ ನೀರು ಕುಡಿಯುವುದು ಬಹಳ ಅಪರೂಪ. ನಿಂತ ನೀರನ್ನು ಅದು ನೀರೆಂದು ಗುರುತಿಸುವುದೇ ಕಷ್ಟ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತದೆ. ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಎಲೆಗಳಿಗೆ ಸಣ್ಣಗೆ ನೀರು ಚಿಮುಕಿಸಬೇಕು, ಮಧ್ಯೆ ಎಲೆ ಒಣಗಲು ಬಿಡಬೇಕು. ಆಹಾರಕ್ಕೆ ಅತಿ ಸಣ್ಣ ಚಿಮ್ಮಂಡೆಗಳು. ಮರಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡ ಹುಳ ಕೊಡಬಾರದು ಎಂಬುದು ಸಾಕುವವರ ಅಳತೆ. ಆ ಹುಳಗಳಿಗೂ ಮೊದಲು ಒಳ್ಳೆಯ ಸೊಪ್ಪು, ಕ್ಯಾರೆಟ್ ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡುತ್ತಿದ್ದರು. ಸಂಜೆ ಉಳಿದ ಹುಳಗಳನ್ನು ತೆಗೆದುಬಿಡುತ್ತಿದ್ದರು, ಏಕೆಂದರೆ ಮಲಗಿದ ಮರಿಯನ್ನು ಹಸಿದ ಚಿಮ್ಮಂಡೆ ಕಚ್ಚುತ್ತದೆ.

ಮೊದಲ ಎರಡು ದಿನ ಮರಿ ಏನೂ ತಿನ್ನಲಿಲ್ಲ. ಮನೆಯವರೆಲ್ಲ ಗಾಬರಿಯಾದರು. ಹೊಸ ಜಾಗಕ್ಕೆ ಬಂದ ಮರಿ ಒಂದೆರಡು ದಿನ ತಿನ್ನದಿರುವುದು ಸಾಮಾನ್ಯ ಎಂದು ಮಾಮುವಿನ ಮಗ ಸಮಾಧಾನ ಹೇಳಿದ, ಆದರೆ ಸುಮ್ಮನೆ ಕೂರಲಿಲ್ಲ. ಒಂದು ನೋಟ್ ಬುಕ್ಕಿನಲ್ಲಿ ದಿನವೂ ಬರೆಯುತ್ತಿದ್ದ: ಎಷ್ಟು ಹುಳ ಹಾಕಿದೆ, ಎಷ್ಟು ಉಳಿಯಿತು, ನೀರು ನೆಕ್ಕಿತೋ ಇಲ್ಲವೋ, ಹಿಕ್ಕೆಯ ಬಿಳಿ ಭಾಗ ಬಿಳಿಯಾಗೇ ಇದೆಯೋ ಹಳದಿಗೆ ತಿರುಗಿದೆಯೋ. ಹಳದಿ ಕಿತ್ತಳೆ ಆದರೆ ನೀರು ಸಾಲದು ಎಂದರ್ಥ. ಮೂರನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲ ಸಂದಿನಿಂದ ನೋಡುತ್ತಿದ್ದಾಗ ಅದರ ನಾಲಿಗೆ ಹೊರಬಂತು. ಹೊರಬಂದದ್ದು ನನಗೆ ಕಾಣಲೇ ಇಲ್ಲ, ಹುಳ ಇದ್ದ ಜಾಗ ಖಾಲಿಯಾದದ್ದು ಮಾತ್ರ ಕಂಡಿತು. ತನ್ನ ಮೈ ಉದ್ದಕ್ಕಿಂತಲೂ ಉದ್ದ ಚಾಚುವ ಆ ನಾಲಿಗೆ ನಮ್ಮ ಕಣ್ಣಿಗೆ ಸಿಗದಷ್ಟು ವೇಗದ್ದು.

ಮುಟ್ಟದೆ ಬಿಡುವುದು ಎಂದರೆ ಮರೆತುಬಿಡುವುದಲ್ಲ ಎಂದು ನಾನು ಹೇಳುವುದು ಇದಕ್ಕೇ. ದೂರದಿಂದ ನೋಡುವವನ ಕಣ್ಣು ಚುರುಕಾಗಿರಬೇಕು. ಹಗಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕೊಂಬೆ ಹಿಡಿಯಲಾಗದೆ ಬೀಳುತ್ತಿದ್ದರೆ ಆಗ ಹದಿನೈದು ದಿನದ ಲೆಕ್ಕ ಹಾಕುತ್ತಾ ಕೂರಬಾರದು, ಸರೀಸೃಪ ಗೊತ್ತಿರುವ ಪಶುವೈದ್ಯರ ಬಳಿ ಓಡಬೇಕು. ಸೇವೆ ಎಂದರೆ ಸದಾ ಮೈಮೇಲೆ ಬೀಳುವುದಲ್ಲ. ನಮ್ಮ ಹಾಸ್ಟೆಲಿಗೆ ಹೊಸದಾಗಿ ಬಂದವರು ಮೊದಲ ವಾರ ಊಟ ಬಿಟ್ಟು ಮೂಲೆಯಲ್ಲಿ ಕೂತಾಗ ಎಲ್ಲರೂ ಸುತ್ತುವರಿದು ಪ್ರಶ್ನೆ ಕೇಳಿದರೆ ಅವರಿಗೆ ಹೇಗಾಗುತ್ತದೆ ಎಂದು ಅಲ್ಲಿದ್ದವರಿಗೆ ಗೊತ್ತು. ಹಾಸಿಗೆ ತೋರಿಸಿ, ನೀರಿನ ಜಾಗ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟುಬಿಡುವವರೇ ಆಮೇಲೆ ಒಳ್ಳೆಯ ಗೆಳೆಯರಾಗುತ್ತಾರೆ.

"ದಿನವೂ ಕೈಗೆ ತೆಗೆದುಕೊಂಡರೆ ತಾನೇ ಅದು ರೂಢಿಯಾಗುವುದು?" ಎಂದು ಕೆಲವರು ವಾದಿಸುತ್ತಾರೆ. ಬೆಕ್ಕಿಗೆ, ನಾಯಿಗೆ, ಮೇಕೆ ಮರಿಗೆ ಈ ಮಾತು ಸರಿ. ಅವು ಗುಂಪಿನಲ್ಲಿ, ಇಲ್ಲವೇ ತಾಯಿಯ ಮಡಿಲಲ್ಲಿ ಬೆಳೆಯುವ ಪ್ರಾಣಿಗಳು. ಯೆಮೆನ್ ಗೋಸುಂಬೆ ಮಣ್ಣಿನಲ್ಲಿ ಇಟ್ಟ ಮೊಟ್ಟೆಯಿಂದ ಒಂಟಿಯಾಗಿ ಎದ್ದು ಬರುತ್ತದೆ, ತಾಯಿಯ ಮುಖವನ್ನೇ ನೋಡುವುದಿಲ್ಲ. ಅದಕ್ಕೆ ಮುದ್ದು ಎಂಬುದು ಗೊತ್ತಿಲ್ಲ. ಕೈಯಲ್ಲಿ ಅಲ್ಲಾಡದೆ ಕೂತ ಮರಿಯನ್ನು ನೋಡಿ ನಾವು "ಎಷ್ಟು ಸಾಧು" ಎನ್ನುತ್ತೇವೆ. ಅದು ಸಾಧುತನ ಅಲ್ಲದಿರಬಹುದು, ಭಯದಿಂದ ಬಿಗಿದುಕೊಂಡದ್ದಿರಬಹುದು.

ಬಣ್ಣದ ವಿಷಯದಲ್ಲಂತೂ ನಮ್ಮ ತಪ್ಪು ತಿಳಿವಳಿಕೆ ಬಹಳ. ಕಳೆದ ತಿಂಗಳು ಊರಿನ ಜಾಲಿ ಬೇಲಿಯಿಂದ ಒಂದು ಗೋಸುಂಬೆಯನ್ನು ಹಿಡಿದು ಟಿಫಿನ್ ಡಬ್ಬಿಯಲ್ಲಿ ತರಗತಿಗೆ ತಂದಿದ್ದರು. ಯಾರೋ ಅದನ್ನು ಕೆಂಪು ಕರವಸ್ತ್ರದ ಮೇಲೆ ಇಟ್ಟರು, ಕೆಂಪಾಗಲಿಲ್ಲ. ನೀಲಿ ಪುಸ್ತಕದ ಮೇಲೆ ಇಟ್ಟರು, ನೀಲಿಯಾಗಲಿಲ್ಲ. ಅದು ಕಪ್ಪಾಗುತ್ತಾ ಹೋಯಿತು. "ಇದಕ್ಕೆ ಬಣ್ಣ ಬದಲಿಸಲು ಬರೋದಿಲ್ಲ" ಎಂದು ನಕ್ಕರು. ನಿಜ ಹೇಳಬೇಕೆಂದರೆ ಅದು ಬಣ್ಣದಲ್ಲೇ ಉತ್ತರ ಕೊಡುತ್ತಿತ್ತು, ಓದಲು ನಮಗೆ ಬರಲಿಲ್ಲ. ಗೋಸುಂಬೆ ಇಟ್ಟ ಬಟ್ಟೆಯ ಬಣ್ಣಕ್ಕೆ ತಿರುಗುವುದಿಲ್ಲ. ಮೈ ತಣ್ಣಗಿದ್ದರೆ ಶಾಖ ಹೀರಲು ಕಪ್ಪಾಗುತ್ತದೆ, ಹೆದರಿದರೆ ಕಪ್ಪಾಗುತ್ತದೆ, ಎದುರಾಳಿ ಬಂದರೆ ಢಾಳಾದ ಬಣ್ಣ ತೋರಿಸುತ್ತದೆ, ನೆಮ್ಮದಿಯಾಗಿ ಮಲಗಿದಾಗ ತಿಳಿಯಾಗುತ್ತದೆ. ಇದು ಹೇಗೆ ಆಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿದರು. ಅದರ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ಸೂಕ್ಷ್ಮ ಹರಳುಗಳಿವೆ. ಪ್ರಾಣಿ ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಾಗಿ, ಮೈಯಿಂದ ಮರಳುವ ಬೆಳಕಿನ ಬಣ್ಣವೇ ಬೇರೆಯಾಗುತ್ತದೆ. ಡಿಎನ್‌ಎ ಪಾಠದಲ್ಲಿ ನಾವು ಓದುವ ಅದೇ ಗ್ವಾನೀನ್! ಇಷ್ಟು ಅದ್ಭುತವಾದದ್ದನ್ನು ನಾವು ಕರವಸ್ತ್ರದ ಆಟ ಮಾಡಿಕೊಂಡಿದ್ದೇವೆ. ಮಾತು ಮಾತಿಗೂ ನಿಲುವು ಬದಲಿಸುವವರನ್ನು ಗೋಸುಂಬೆ ಎಂದು ಬೈಯುತ್ತೇವೆ. ಆದರೆ ಒಳಗಿರುವುದನ್ನು ಹೊರಗೆ ತೋರಿಸುವುದರಲ್ಲಿ ಗೋಸುಂಬೆಯಷ್ಟು ಪ್ರಾಮಾಣಿಕ ಪ್ರಾಣಿ ಕಡಿಮೆ.

ಈಗ "ಸಾಕಬಹುದಾ" ಎಂಬ ಪ್ರಶ್ನೆಗೆ ಬರುತ್ತೇನೆ. ಬೇಲಿಯಲ್ಲಿ ಸಿಗುವ ನಮ್ಮ ಗೋಸುಂಬೆಯನ್ನು ಸಾಕುವಂತಿಲ್ಲ, ಮಾತು ಮುಗಿಯಿತು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಎಲ್ಲವೂ ಅಪರಾಧ. ವಿದೇಶಿ ಗೋಸುಂಬೆ ಕೊಳ್ಳುತ್ತೇನೆ ಎನ್ನುವವರಿಗೂ ದಾರಿ ಸಲೀಸಲ್ಲ. ಯೆಮೆನ್ ಗೋಸುಂಬೆ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿದೆ. ನಮ್ಮ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಕಾಗದವಿಲ್ಲದೆ ಮೊಬೈಲಿನಲ್ಲಿ ಮಾರುವವರಿಂದ ಕೊಳ್ಳುವುದು ಕಳ್ಳಸಾಗಣೆಗೆ ಕೈಜೋಡಿಸಿದಂತೆ.

ಕಾನೂನು ಬದಿಗಿಟ್ಟರೂ ನನ್ನ ಉತ್ತರ ಬದಲಾಗುವುದಿಲ್ಲ. ಆ ಮರಿ ಐದಾರು ವರ್ಷ ಬದುಕುವ ಪ್ರಾಣಿ. ಎರಡನೇ ಪಿಯುಸಿ ಮುಗಿಸಿ ನಾವು ಬೇರೆ ಊರಿನ ಕಾಲೇಜಿಗೆ ಹೋದರೆ ದಿನಕ್ಕೆರಡು ಬಾರಿ ನೀರು ಚಿಮುಕಿಸುವವರು ಯಾರು? ಕರೆಂಟ್ ಹೋದರೆ ದೀಪದ ಗತಿ ಏನು? ನಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಹಸು, ಕುರಿ, ನಾಯಿ ನೋಡುತ್ತಾರೆ. ಬೆರಳುದ್ದದ ಸರೀಸೃಪವನ್ನು ಎಲ್ಲಿಗೆ ಒಯ್ಯುವುದು? ಹೆಣ್ಣಾಗಿದ್ದರೆ ಗಂಡಿಲ್ಲದಿದ್ದರೂ ಮೊಟ್ಟೆ ಇಡುತ್ತದೆ, ಅಗೆಯಲು ತೇವದ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯಲೂಬಹುದು. ಇವಕ್ಕೆಲ್ಲ ಉತ್ತರ ಇರುವವರು ಸಾಕಲಿ. ಶಾರ್ಜಾದ ಆ ಮನೆಯಲ್ಲಿ ಉತ್ತರವಿತ್ತು. ನನ್ನ ಬಳಿ ಇಲ್ಲ, ನನ್ನನ್ನು ಕೇಳಿದ ಗೆಳೆಯರಲ್ಲಿ ಹೆಚ್ಚಿನವರ ಬಳಿಯೂ ಇಲ್ಲ ಎಂದು ನನ್ನ ಅನಿಸಿಕೆ.

ಹಾಗೆಂದು ನಾವು ಬರಿಗೈಯಲ್ಲೇನೂ ಇಲ್ಲ. ಭಾರತದ ಗೋಸುಂಬೆ, ಕ್ಯಾಮೇಲಿಯೋ ಜೇಲಾನಿಕಸ್, ನಮ್ಮ ಬಯಲು ಸೀಮೆಯ ಕುರುಚಲಲ್ಲಿ, ಹೊಲದ ಬದುವಿನಲ್ಲಿ, ಜಾಲಿ ಹೊಂಗೆಯ ಮೇಲೆ ಇದೆ. ಅದಕ್ಕೆ ವಿಷವಿಲ್ಲ, ಯಾರ ಮೈಮೇಲೂ ಬೀಳುವುದಿಲ್ಲ, ಸಿಕ್ಕಿದ ಮಿಡತೆ ನೊಣ ತಿಂದುಕೊಂಡಿರುತ್ತದೆ. ಅದಕ್ಕೆ ಬೇಕಾದ ಗಾಳಿ, ಬಿಸಿಲು, ಎಲೆಯ ಮೇಲಿನ ಇಬ್ಬನಿ, ಅಡಗುವ ಜಾಗ ಎಲ್ಲವೂ ಆ ಬೇಲಿಯಲ್ಲಿ ಪುಕ್ಕಟೆಯಾಗಿವೆ. ಶಾರ್ಜಾದಲ್ಲಿ ಸಾವಿರಾರು ರೂಪಾಯಿ ಸುರಿದು, ಎರಡು ದೀಪ ಕಟ್ಟಿ, ದಿನವೂ ನೀರು ಚಿಮುಕಿಸಿ ಮಾಡಿದ್ದು ಅಂಥ ಒಂದು ಬೇಲಿಯ ನಕಲನ್ನು. ಅಸಲು ನಮ್ಮ ಊರಲ್ಲೇ ಇರುವಾಗ ಅದರಲ್ಲಿದ್ದ ಪ್ರಾಣಿಯನ್ನು ಕಿತ್ತು ಡಬ್ಬಿಗೆ ಹಾಕುವುದು ಯಾವ ಬುದ್ಧಿ?

ಆದ್ದರಿಂದ ನಮ್ಮ ವಿಜ್ಞಾನ ಸಂಘದ ಮುಂದೆ, ಹಾಗೆಯೇ ಉಪನ್ಯಾಸಕರ ಮುಂದೆ ನನ್ನದೊಂದು ಸಲಹೆ ಇದೆ. ಗೋಸುಂಬೆಯಾಗಲಿ, ಓತಿಕ್ಯಾತವಾಗಲಿ, ಹಾವಿನ ಮರಿಯಾಗಲಿ, ಯಾವುದನ್ನೂ ಹಿಡಿದು ಕಾಲೇಜಿಗೆ ತರಬಾರದು ಎಂದು ನಾವೇ ಒಂದು ನಿಯಮ ಮಾಡಿಕೊಳ್ಳೋಣ. ಅದರ ಬದಲು ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಸೇರಿ ಹೊಲದ ಕಡೆ ಹೋಗೋಣ. ಸಿಕ್ಕಿದರೆ ನಾಲ್ಕು ಹೆಜ್ಜೆ ದೂರ ನಿಂತು ನೋಡೋಣ, ಬಣ್ಣ, ಗಂಟೆ, ಬಿಸಿಲು, ಕೂತ ಗಿಡ ಎಲ್ಲವನ್ನೂ ಬರೆದಿಡೋಣ. ರಸ್ತೆ ದಾಟುತ್ತಿದ್ದರೆ ಒಂದು ಕಡ್ಡಿ ಚಾಚಿ, ಅದು ಹತ್ತಿದ ಮೇಲೆ ಅದು ಹೋಗುತ್ತಿದ್ದ ದಿಕ್ಕಿನ ಗಿಡಕ್ಕೇ ತಲುಪಿಸೋಣ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸೋಣ. ಒಂದು ವರ್ಷ ಹೀಗೆ ಬರೆದಿಟ್ಟರೆ ನಮ್ಮ ಊರಿನ ಗೋಸುಂಬೆಗಳ ಬಗ್ಗೆ ನಮ್ಮದೇ ಒಂದು ನೋಟ್ ಬುಕ್ ತಯಾರಾಗುತ್ತದೆ. ಮುಂದಿನ ವರ್ಷ ಸೇರುವವರು ಅದನ್ನೇ ಮುಂದುವರಿಸಬಹುದು. ಬರಲು ಇಷ್ಟವಿರುವವರು ಜೀವಶಾಸ್ತ್ರ ಪ್ರಯೋಗಾಲಯದ ಹೊರಗಿನ ಸೂಚನಾ ಫಲಕದಲ್ಲಿ ಹೆಸರು ಬರೆಯಿರಿ. ಪೆನ್ನು, ಪುಸ್ತಕ, ಕುಡಿಯುವ ನೀರು ತಂದರೆ ಸಾಕು. ಡಬ್ಬಿ ಮಾತ್ರ ತರಬೇಡಿ.